ಮೌನ ಅಂದ್ರೆ ಸಮ್ಮತಿ ಅಲ್ಲ

ಕ್ವೇಕರ್ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರೋದು ಓಟ್ಸ್ ಡಬ್ಬದ ಮೇಲಿನ ಟೋಪಿ ಹಾಕಿದ ಅಜ್ಜ. ನಮಗೂ ಅಷ್ಟೇ ಗೊತ್ತಿತ್ತು. ಆ ಓಟ್ಸ್ ಕಂಪನಿಗೂ ಕ್ವೇಕರ್ ಪಂಥಕ್ಕೂ ಹೆಸರು ಬಿಟ್ಟರೆ ಬೇರೇನೂ ಸಂಬಂಧ ಇಲ್ಲ ಅನ್ನೋದು ಸಿಡ್ನಿಗೆ ಬಂದು ಎರಡು ವರ್ಷ ಆದಮೇಲೆ ತಿಳೀತು. ತಿಳಿಸಿದವರು ನಮ್ಮಲ್ಲೊಬ್ಬರು ಬಾಡಿಗೆಗಿರುವ ಮನೆಯ ಅಜ್ಜಿ. ಅವರು ಭಾನುವಾರ ಬೆಳಗ್ಗೆ ಸರ್ರಿ ಹಿಲ್ಸ್‌ನ ಡೆವನ್‌ಶೈರ್ ಬೀದಿಗೆ ಹೊರಡುತ್ತಾರೆ. "ಚರ್ಚಿಗಾ?" ಅಂತ ಕೇಳಿದರೆ "ಅಲ್ಲ, ಮೀಟಿಂಗಿಗೆ" ಅಂತಾರೆ. ಭಾನುವಾರವೂ ಮೀಟಿಂಗಾ, ಪಾಪ, ಅಂತ ನಾವು ಮರುಗಿದ್ದೆವು.

ಈ ಲೇಖನ ಆ ಮೀಟಿಂಗ್ ಬಗ್ಗೆ. ಜೊತೆಗೆ ನಮ್ಮ ಸಂಘದ ಒಂದು ಮೀಟಿಂಗ್ ಬಗ್ಗೆ ಕೂಡ. ಎರಡನೆಯದನ್ನ ಮೊದಲು ಹೇಳಿಬಿಡ್ತೀವಿ, ಯಾಕೆಂದರೆ ಅದು ಇನ್ನೂ ನಮ್ಮ ಮನಸ್ಸನ್ನ ಕೊರೀತಾ ಇದೆ.

ಕಳೆದ ವರ್ಷದ ವಾರ್ಷಿಕ ಸಭೆ ನಿಮಗೆ ನೆನಪಿರಬಹುದು. ಖಾತೆಯಲ್ಲಿ ಉಳಿದ ಹಣವನ್ನು ಏನು ಮಾಡುವುದು ಅನ್ನೋದು ವಿಷಯ. ರಾಜ್ಯೋತ್ಸವಕ್ಕೆ ಊರಿಂದ ಗಾಯಕರನ್ನ ಕರೆಸೋಣ, ದೊಡ್ಡ ಹಾಲ್ ಹಿಡಿಯೋಣ ಅಂತ ಒಂದು ಗುಂಪು. ಕಷ್ಟಕ್ಕೆ ಸಿಕ್ಕ ವಿದ್ಯಾರ್ಥಿಗಳಿಗೆ ಅಂತ ಒಂದು ತುರ್ತು ನಿಧಿ ಇಡೋಣ ಅಂತ ಇನ್ನೊಂದು ಗುಂಪು. ಮುಕ್ಕಾಲು ಗಂಟೆ ಜೋರು ಮಾತಾಯ್ತು. ಕೊನೆಗೆ ಕೈ ಎತ್ತಿಸಿದ್ವಿ. ನಾಲ್ಕೇ ಕೈಗಳ ಅಂತರದಲ್ಲಿ ಗಾಯಕರು ಗೆದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹೊಸ ಹುಡುಗನೊಬ್ಬ ಯಾವ ಕಡೆಗೂ ಕೈ ಎತ್ತಲಿಲ್ಲ. ಯಾರೋ "ಮೌನಂ ಸಮ್ಮತಿ ಲಕ್ಷಣಂ ಬಿಡ್ರಪ್ಪ" ಅಂದರು. ಎಲ್ಲರೂ ನಕ್ಕೆವು. ನಡಾವಳಿಯಲ್ಲಿ "ಸಭೆ ಒಪ್ಪಿತು" ಅಂತ ಬರೆದುಕೊಂಡ್ವಿ.

ಕಾರ್ಯಕ್ರಮ ಚೆನ್ನಾಗೇ ಆಯ್ತು. ಆದರೆ ಸೋತ ಕಡೆಯವರಲ್ಲಿ ಅರ್ಧ ಜನ ಆಮೇಲೆ ಸಂಘದ ಕಡೆ ಬರಲಿಲ್ಲ. ಆ ಹುಡುಗನೂ ಬರಲಿಲ್ಲ. ಎಷ್ಟೋ ದಿನದ ಮೇಲೆ ನಮಗೆ ತಿಳಿದದ್ದು ಇಷ್ಟು: ಸಭೆಯ ಹೊತ್ತಿಗೆ ಅವನು ಬಾಡಿಗೆ ಕಟ್ಟಲಾಗದೆ ರೂಮು ಬಿಟ್ಟು, ಸ್ನೇಹಿತನ ಮನೆಯ ಸೋಫಾ ಮೇಲೆ ಮಲಗುತ್ತಿದ್ದ. ದಿನಕ್ಕೆ ಒಂದು ಹೊತ್ತು ಊಟ. ನಮ್ಮ ವೀಸಾಕ್ಕೆ ಹದಿನೈದು ದಿನಕ್ಕೆ 48 ಗಂಟೆ ಕೆಲಸದ ಮಿತಿ ಇದೆ. ಅವನಿಗೆ ಅಷ್ಟು ಗಂಟೆಯ ಕೆಲಸ ಕೂಡ ಸಿಕ್ಕಿರಲಿಲ್ಲ. ತುರ್ತು ನಿಧಿ ಬೇಕಾಗಿದ್ದದ್ದು ಅವನಿಗೇ. ಕೈ ಎತ್ತಿದರೆ ತನ್ನ ಪಾಡು ಎಲ್ಲರಿಗೂ ಗೊತ್ತಾಗುತ್ತೆ ಅಂತ ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನೇ ನಾವು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿದಿದ್ವಿ. ಆಮೇಲೆ ಅವನು ಓದು ಬದಲಾಯಿಸಿಕೊಂಡು ಬೇರೆ ಊರಿಗೆ ಹೋದ.

ಈ ಅಳುಕು ಹೊತ್ತುಕೊಂಡೇ ನಾವು ಮೂರು ಜನ ಒಂದು ಭಾನುವಾರ ಅಜ್ಜಿಯ ಜೊತೆ ಹೋದ್ವಿ. ಡೆವನ್‌ಶೈರ್ ಬೀದಿ ಸೆಂಟ್ರಲ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟೇ ದೂರ, ಈಗ ಆ ಬೀದಿಯಲ್ಲೇ ಲೈಟ್ ರೈಲು ಓಡುತ್ತೆ. ಕ್ವೇಕರರ ಮನೆ 1903ರದ್ದು. ದೇವಸ್ಥಾನ, ಚರ್ಚು, ಮಠ ಅಂತ ನಾವು ಅಂದುಕೊಳ್ಳುವ ಯಾವ ಗುರುತೂ ಒಳಗಿಲ್ಲ. ಮೂರ್ತಿ ಇಲ್ಲ, ಶಿಲುಬೆ ಇಲ್ಲ, ಪೀಠ ಇಲ್ಲ, ವೇದಿಕೆ ಇಲ್ಲ, ಮೈಕ್ ಅಂತೂ ಇಲ್ಲವೇ ಇಲ್ಲ. ಒಬ್ಬರಿಗೊಬ್ಬರು ಎದುರಾಗುವ ಹಾಗೆ ಹಾಕಿದ ಆಸನಗಳು, ಅಷ್ಟೇ. ಮುಂದಿನ ಸಾಲು ಯಾವುದು, ಹಿಂದಿನ ಸಾಲು ಯಾವುದು ಅಂತ ನಮಗೆ ಗೊತ್ತಾಗಲಿಲ್ಲ.

ಬಂದವರು ಬಂದಹಾಗೆ ಕೂತರು. ಕೂತಲ್ಲಿಂದಲೇ ಪೂಜೆ ಶುರು. ಪೂಜೆ ಅಂದರೆ ಒಂದು ಗಂಟೆಯ ಮೌನ. ಪಾದ್ರಿ ಇಲ್ಲ, ಮಂತ್ರ ಇಲ್ಲ, ಹಾಡು ಇಲ್ಲ. ಯಾರಿಗಾದರೂ ಇದನ್ನ ಹೇಳಲೇಬೇಕು ಅಂತ ಒಳಗಿನಿಂದ ಒತ್ತಿ ಬಂದರೆ ಎದ್ದು ನಿಂತು ನಾಲ್ಕು ಮಾತು ಹೇಳಿ ಕೂರಬಹುದು. ಹೆಂಗಸರು, ಗಂಡಸರು, ಹಳಬರು, ಹೊಸಬರು, ಯಾರು ಬೇಕಾದರೂ. ಅದಕ್ಕೆ ಇನ್ನೊಬ್ಬರು ಉತ್ತರ ಕೊಡುವ ಹಾಗಿಲ್ಲ, ಚಪ್ಪಾಳೆ ಇಲ್ಲ, ವಾದ ಇಲ್ಲ. ಒಬ್ಬರು ಮಾತಾಡಿದ ಮೇಲೆ ಸ್ವಲ್ಪ ಹೊತ್ತು ಆ ಮಾತನ್ನ ಮೌನದಲ್ಲಿ ಇಳಿಯಲು ಬಿಡಬೇಕು. ಅವತ್ತು ಹಿರಿಯರೊಬ್ಬರು ಆಸ್ಪತ್ರೆಯಲ್ಲಿರುವ ಗೆಳೆಯರ ಬಗ್ಗೆ ಎರಡು ಮಾತು ಆಡಿದರು. ಉಳಿದ ಹೊತ್ತೆಲ್ಲ ಮೌನವೇ. ಕೊನೆಗೆ ಇಬ್ಬರು ಕೈಕುಲುಕಿದರು, ಆಮೇಲೆ ಎಲ್ಲರೂ ಅಕ್ಕಪಕ್ಕದವರ ಕೈಕುಲುಕಿದರು. ಪೂಜೆ ಮುಗೀತು.

ನಿಜ ಹೇಳ್ತೀವಿ, ಮೊದಲ ಕಾಲು ಗಂಟೆ ನರಕ. ಕೈ ತಾನಾಗಿ ಫೋನಿನ ಕಡೆ ಹೋಗ್ತಿತ್ತು. ಹೊಟ್ಟೆ ಗುರ್ ಅಂದದ್ದು ಇಡೀ ಕೋಣೆಗೆ ಕೇಳಿಸ್ತು. ಆಮೇಲೆ ಏನಾಯ್ತೋ, ನಮ್ಮಲ್ಲಿ ಒಬ್ಬರಿಗೆ ಊರಲ್ಲಿ ಅಜ್ಜ ತೀರಿಕೊಂಡಾಗ ಟಿಕೆಟ್ ಸಿಗದೆ ಹೋಗಲಾಗದ್ದು ನೆನಪಾಗಿ ಕಣ್ಣೀರು ಬಂತು. ಪಕ್ಕದಲ್ಲಿದ್ದವರು ತಿರುಗಿ ನೋಡಲಿಲ್ಲ, "ಏನಾಯ್ತು" ಅಂತ ಕೇಳಲಿಲ್ಲ. ಟಿಶ್ಯೂ ಡಬ್ಬ ಮಾತ್ರ ಇತ್ತ ಸರಿಸಿದರು. ಸಿಡ್ನಿಗೆ ಬಂದ ಮೇಲೆ ಮಾತು ಬೇಡದ ಜನರ ಮಧ್ಯೆ ಕೂತದ್ದು ಅದೇ ಮೊದಲು ಅಂತ ಆ ಗೆಳತಿ ಆಮೇಲೆ ಹೇಳಿದಳು. ಪಿಎಚ್‌ಡಿಗೆ ಅಂತ ಮೆಲ್ಬರ್ನಿಗೆ ಹೋದ ನಮ್ಮ ಇನ್ನೊಬ್ಬ ಗೆಳೆಯ ಅಲ್ಲಿ ಫ್ಲ್ಯಾಗ್‌ಸ್ಟಾಫ್ ಉದ್ಯಾನದ ಹತ್ತಿರ, ವಿಲಿಯಂ ಬೀದಿಯ ಕ್ವೇಕರ್ ಕೇಂದ್ರಕ್ಕೆ ಹೋಗಿ ಬಂದು ಫೋನ್ ಮಾಡಿದ. ಅವನದೂ ಹೆಚ್ಚುಕಡಿಮೆ ಇದೇ ಕಥೆ.

ಯಾರಿವರು? 17ನೇ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅನ್ನುವ, ಚಪ್ಪಲಿ ಹೊಲೆಯುವ ಕಸುಬು ಕಲಿತ ತರುಣ, ದೇವರನ್ನ ಕಾಣಲು ನಡುವೆ ಪಾದ್ರಿ ಬೇಡ, ಎಲ್ಲರೊಳಗೂ ಬೆಳಕಿದೆ ಅಂತ ಸಾರುತ್ತಾ ಹೊರಟ. ಅವನ ಜೊತೆಯವರು ತಮ್ಮನ್ನ ಕರೆದುಕೊಂಡದ್ದು ಸ್ನೇಹಿತರು ಅಂತ. 1650ರಲ್ಲಿ ಡರ್ಬಿ ಊರಿನ ನ್ಯಾಯಾಧೀಶನೊಬ್ಬ ಅವರನ್ನ ಗೇಲಿ ಮಾಡಲು ಬಳಸಿದ ಹೆಸರು ಕ್ವೇಕರ್, ಅಂದರೆ ನಡುಗುವವರು. ಗೇಲಿಯ ಹೆಸರೇ ನಿಂತಿತು.

ಇವರ ಒಂದು ಜಗಳ ಕನ್ನಡದವರಾದ ನಮಗೆ ಇಲ್ಲಿನವರಿಗಿಂತ ಬೇಗ ಅರ್ಥ ಆಗುತ್ತೆ. ಆಗಿನ ಇಂಗ್ಲಿಷಿನಲ್ಲಿ ನಮ್ಮ ಹಾಗೆಯೇ ಎರಡು ಮಾತಿತ್ತು: 'ದೌ' ಅಂದರೆ ನೀನು, 'ಯೂ' ಅಂದರೆ ನೀವು. ದೊಡ್ಡವರಿಗೆ ನೀವು, ಆಳಿಗೆ ನೀನು. ಕ್ವೇಕರರು ಎಲ್ಲರಿಗೂ ನೀನು ಅಂದರು. ಜಮೀನ್ದಾರನಿಗೂ ನೀನು, ನ್ಯಾಯಾಧೀಶನಿಗೂ ನೀನು. ಅವರ ಮುಂದೆ ಟೋಪಿಯನ್ನೂ ತೆಗೆಯಲಿಲ್ಲ. ಇದಕ್ಕಾಗಿ ಏಟು ತಿಂದರು, ಜೈಲಿಗೂ ಹೋದರು. ಇಂದಿನ ಇಂಗ್ಲಿಷಿನಲ್ಲಿ ಆ ವ್ಯತ್ಯಾಸವೇ ಇಲ್ಲದ್ದರಿಂದ ಅದರಲ್ಲೇನು ಅಷ್ಟು ದೊಡ್ಡದು ಅಂತ ಇಲ್ಲಿನವರಿಗೆ ಅನ್ನಿಸಬಹುದು. ನಮಗೆ ಹಾಗನ್ನಿಸಲ್ಲ. ನಮ್ಮ ಸಂಘಕ್ಕೆ ಹೊಸ ಹುಡುಗ ಬಂದರೆ "ಏನೋ, ಯಾವೂರೋ" ಅಂತೀವಿ. ಒಳ್ಳೆ ಕಂಪನಿಯಲ್ಲಿ ಕೆಲಸದಲ್ಲಿರುವವರು ಬಂದರೆ "ಬನ್ನಿ ಸರ್, ಮುಂದೆ ಕೂತ್ಕೊಳ್ಳಿ" ಅಂತೀವಿ. ಇನ್ನು "ನಿಮ್ಮದು ಯಾವ ಕಡೆ?" ಅನ್ನೋ ಪ್ರಶ್ನೆಯಲ್ಲಿ ಕೆಲವರು ಊರು ಕೇಳ್ತಾರೆ, ಕೆಲವರು ಜಾತಿ ಕೇಳ್ತಾರೆ. ಕೇಳಿಸಿಕೊಂಡವರಿಗೆ ಅದು ಯಾವುದು ಅಂತ ಚೆನ್ನಾಗಿ ಗೊತ್ತಾಗುತ್ತೆ.

ಈ ನಾಡಿಗೂ ಅವರು ಇವತ್ತು ಬಂದವರಲ್ಲ. ಯಾರ್ಕ್ ಊರಿನ ಸಸಿ ವ್ಯಾಪಾರಿ ಜೇಮ್ಸ್ ಬ್ಯಾಕ್‌ಹೌಸ್ ಮತ್ತು ಜಾರ್ಜ್ ವಾಷಿಂಗ್ಟನ್ ವಾಕರ್ 1832ರಲ್ಲಿ ಹೋಬರ್ಟಿಗೆ ಬಂದಿಳಿದರು. ಆರು ವರ್ಷ ಊರೂರು ತಿರುಗಿ ಕೈದಿಗಳ ಶಿಬಿರ ನೋಡಿದರು, ಮೂಲನಿವಾಸಿಗಳಿಗೆ ಆಗುತ್ತಿದ್ದ ಅನ್ಯಾಯ ಕಂಡು ಸರ್ಕಾರಕ್ಕೆ ಬರೆದರು. ಇಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಲೆಮನ್ ಮಿರ್ಟಲ್ ಚಹಾ ಕುಡಿದಿದ್ದೀರಾ? ನಮ್ಮ ಮಜ್ಜಿಗೆ ಹುಲ್ಲಿನ ವಾಸನೆ ಬರುತ್ತಲ್ಲ, ಅದೇ. ಆ ಗಿಡದ ಕುಲಕ್ಕೆ ಬ್ಯಾಕ್‌ಹೌಸಿಯಾ ಅಂತ ಸಸ್ಯಶಾಸ್ತ್ರಜ್ಞರು ಹೆಸರಿಟ್ಟದ್ದು ಇದೇ ಬ್ಯಾಕ್‌ಹೌಸ್ ನೆನಪಿಗೆ. 1911ರಲ್ಲಿ ಆಸ್ಟ್ರೇಲಿಯಾದಲ್ಲಿ ಹನ್ನೆರಡು ವರ್ಷದ ಹುಡುಗರಿಂದ ಹಿಡಿದು ಕಡ್ಡಾಯ ಸೈನಿಕ ತರಬೇತಿ ಜಾರಿಗೆ ಬಂದಾಗ ಎದುರು ನಿಂತವರಲ್ಲಿ ಕ್ವೇಕರರೂ ಇದ್ದರು. 1947ರಲ್ಲಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರರ ಸೇವಾ ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಮ್ಮ ಕಡೆಗೂ ಒಂದು ಎಳೆ ಇದೆ. 1930ರ ಮಾರ್ಚಿನಲ್ಲಿ, ದಂಡಿಗೆ ಹೊರಡುವ ಮುಂಚೆ, ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಬರೆದ ಪತ್ರವನ್ನ ಕೈಯಾರೆ ಮುಟ್ಟಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಅನ್ನುವ ಇಂಗ್ಲಿಷ್ ಕ್ವೇಕರ್ ತರುಣ. ಈ ಜಗಳ ಇಂಗ್ಲಿಷರ ಮೇಲಲ್ಲ, ಆಳ್ವಿಕೆಯ ಮೇಲೆ ಅಂತ ತೋರಿಸಲು ಗಾಂಧೀಜಿ ಬೇಕಂತಲೇ ಇಂಗ್ಲಿಷ್ ಹುಡುಗನನ್ನ ಆರಿಸಿದರು. ಆ ಪತ್ರಕ್ಕೆ ಒಳ್ಳೆಯ ಉತ್ತರ ಬರಲಿಲ್ಲ. ಮುಂದಿನದು ಉಪ್ಪಿನ ಸತ್ಯಾಗ್ರಹ, ಅದು ನಮ್ಮ ಅಂಕೋಲೆಯ ಕಡಲ ತೀರದವರೆಗೂ ಬಂತು.

ಇಷ್ಟೆಲ್ಲ ಹೇಳಿದ್ದು ಕ್ವೇಕರರನ್ನ ಹೊಗಳಲಿಕ್ಕಲ್ಲ. ನಮ್ಮನ್ನ ನಿಜವಾಗಿ ತಡೆದು ನಿಲ್ಲಿಸಿದ್ದು ಅವರು ವ್ಯವಹಾರದ ಸಭೆ ನಡೆಸುವ ರೀತಿ. ಪೂಜೆ ಮುಗಿದ ಮೇಲೆ ಎಲ್ಲರೂ ತಂದ ಊಟ ಹಂಚಿಕೊಂಡು ತಿನ್ನುವಾಗ (ನಮ್ಮದು ಚಿತ್ರಾನ್ನ, ಪಾತ್ರೆ ಖಾಲಿ ಆಯ್ತು ಅನ್ನೋದನ್ನ ಇಲ್ಲಿ ದಾಖಲಿಸ್ತೀವಿ) ಕೇಳಿ ಕೇಳಿ ತಿಳಿದುಕೊಂಡ್ವಿ.

ಅಲ್ಲಿ ಅಧ್ಯಕ್ಷರಿಲ್ಲ. ಸಭೆ ನಡೆಸುವವರನ್ನ ಕ್ಲರ್ಕ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಗುಮಾಸ್ತ! ಇಂತಿಷ್ಟು ವರ್ಷ ಅಂತ ಆ ಕೆಲಸ ಮಾಡಿ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ವ್ಯವಹಾರದ ಸಭೆಯೂ ಮೌನದಿಂದಲೇ ಶುರು. ಒಂದು ವಿಷಯ ಬಂದರೆ ಒಬ್ಬೊಬ್ಬರಾಗಿ ಮಾತಾಡಬೇಕು, ನಡುವೆ ತಡೆ ಇರಬೇಕು. ಎಷ್ಟು ಜನ ಪರ, ಎಷ್ಟು ಜನ ವಿರೋಧ ಅಂತ ಎಣಿಸೋದಿಲ್ಲ. ಮತದಾನವೇ ಇಲ್ಲ. ಸಭೆಯ ಮನಸ್ಸು ಯಾವ ಕಡೆ ಹೋಗ್ತಿದೆ ಅಂತ ಗುಮಾಸ್ತರು ಗ್ರಹಿಸಿ, ಅಲ್ಲೇ ಕೂತು ನಡಾವಳಿ ಬರೆದು, ಅಲ್ಲೇ ಓದಿ ಹೇಳ್ತಾರೆ. "ಇದೇನಾ ನಾವು ಹೇಳಿದ್ದು?" ಅಂತ ಕೇಳ್ತಾರೆ. ಒಂದು ಪದ ಸರಿ ಇಲ್ಲ ಅಂದರೂ ತಿದ್ದುತ್ತಾರೆ. ಯಾರಿಗಾದರೂ ಮನಸ್ಸು ಒಪ್ಪದೇ ಹೋದರೆ, ಅವರು ಅಡ್ಡ ಬರದೆ ಪಕ್ಕಕ್ಕೆ ನಿಲ್ಲಬಹುದು, ಇಲ್ಲವೇ ವಿಷಯವನ್ನೇ ಮುಂದಿನ ಸಭೆಗೆ ಇಡುತ್ತಾರೆ. ಒಬ್ಬರ ಕಸಿವಿಸಿಯನ್ನ ತೊಂದರೆ ಅಂತ ನೋಡೋದಿಲ್ಲ, ಉಳಿದವರಿಗೆ ಇನ್ನೂ ಕಾಣದ್ದು ಅವರಿಗೆ ಕಂಡಿರಬಹುದು ಅಂತ ನೋಡ್ತಾರೆ.

ಇದನ್ನ ಕೇಳಿದಾಗ ನಮ್ಮ ನಾಲ್ಕು ಕೈಗಳ ಗೆಲುವು ನೆನಪಾಗಿ ತಲೆ ತಗ್ಗಿಸಿದ್ವಿ. ನಮ್ಮ ನಡಾವಳಿ ಸಭೆ ಮುಗಿದು ಮೂರು ವಾರಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬರುತ್ತೆ, ಯಾರೂ ಓದಲ್ಲ. ಅವರದು ಸಭೆಯಲ್ಲೇ ಹುಟ್ಟಿ ಸಭೆಯಲ್ಲೇ ಒಪ್ಪಿಗೆ ಪಡೆಯುತ್ತೆ. ಅವರ ಹತ್ತಿರ ಇನ್ನೊಂದು ಪದ್ಧತಿ ಇದೆ. ಯಾರಾದರೂ ದೊಡ್ಡ ಗೊಂದಲದಲ್ಲಿದ್ದರೆ ಮೂರು ನಾಲ್ಕು ಜನರನ್ನ ತಮ್ಮ ಜೊತೆ ಕೂರಲು ಕೇಳಬಹುದು. ಕೂತವರು ಪ್ರಶ್ನೆ ಮಾತ್ರ ಕೇಳಬೇಕು, ಉಪದೇಶ ಮಾಡೋ ಹಾಗಿಲ್ಲ. ನಮ್ಮಲ್ಲಿ ಇದು ಸಾಧ್ಯವಾ? ಯಾರಾದರೂ "ಕಷ್ಟ ಆಗ್ತಿದೆ" ಅಂದ ಕೂಡಲೇ ಯಾವ ಕೋರ್ಸಿಗೆ ಸೇರಬೇಕು, ಪಿಆರ್‌ಗೆ ಎಷ್ಟು ಅಂಕ ಬೇಕು, ಯಾವ ಏಜೆಂಟ್ ಒಳ್ಳೆಯವನು ಅಂತ ಹತ್ತು ಜನ ಹೇಳ್ತೀವಿ. "ಊಟ ಮಾಡಿದ್ಯಾ?" ಅಂತ ಕೇಳೋರು ಒಬ್ಬರೂ ಇರಲ್ಲ.

ಇದಕ್ಕೆ ಎದುರು ವಾದಗಳೂ ಇವೆ, ನಮ್ಮೊಳಗೇ ಬಂದವು. ಅವನ್ನ ಮುಚ್ಚಿಡೋದಿಲ್ಲ.

ಮೊದಲನೆಯದು: ಇದು ತುಂಬಾ ನಿಧಾನ. ನಿಜ. ಅಮೆರಿಕದ ಜರ್ಮನ್‌ಟೌನ್‌ನಲ್ಲಿ ಗುಲಾಮಗಿರಿ ತಪ್ಪು ಅಂತ ಕೆಲವರು ಸ್ನೇಹಿತರ ಸಭೆಗೆ ಬರೆದುಕೊಟ್ಟದ್ದು 1688ರಲ್ಲಿ. ಗುಲಾಮರನ್ನ ಇಟ್ಟುಕೊಂಡವರು ಸದಸ್ಯರಾಗಿರುವಂತಿಲ್ಲ ಅಂತ ಫಿಲಡೆಲ್ಫಿಯಾದ ಕ್ವೇಕರರು ತೀರ್ಮಾನಿಸಿದ್ದು 1776ರಲ್ಲಿ. ನಡುವೆ 88 ವರ್ಷ! ಎಲ್ಲರೂ ಒಪ್ಪಲಿ ಅಂತ ಕಾಯುವಾಗ ಆ ಕೋಣೆಯಲ್ಲಿ ಕೂರಲು ಜಾಗವೇ ಇಲ್ಲದವರು ನೊಂದರು. ತಾಳ್ಮೆ ಒಂದೊಂದು ಸಲ ಉಳ್ಳವರ ಅನುಕೂಲ. ಹಾಗಾಗಿ ಹಸಿದವನ ಊಟವನ್ನ ಯಾವ ಸಭೆಯ ಒಮ್ಮತಕ್ಕೂ ಕಾಯಿಸಬಾರದು ಅನ್ನೋದು ನಮ್ಮ ಅಭಿಪ್ರಾಯ.

ಎರಡನೆಯದು: ಅಲ್ಲಿ ನಮ್ಮ ವಯಸ್ಸಿನವರು ಕಡಿಮೆ ಇದ್ದರು. ಮೌನ ಎಲ್ಲರಿಗೂ ಹಿಡಿಸಲ್ಲ. ಅದೂ ನಿಜ. ಡೊಳ್ಳು, ತಮಟೆ, ಚಪ್ಪಾಳೆ ಇಲ್ಲದ ಕನ್ನಡ ಸಂಘ ನಮಗೂ ಬೇಡ. ರಾಜ್ಯೋತ್ಸವದ ದಿನ ಒಂದು ಗಂಟೆ ಕಣ್ಣು ಮುಚ್ಚಿ ಕೂರಿ ಅಂತ ಯಾರಿಗೂ ಹೇಳ್ತಿಲ್ಲ.

ಮೂರನೆಯದು: ನಮ್ಮಲ್ಲಿ ಇಲ್ಲದ್ದಾ ಇದು? ಇದಕ್ಕೆ ನಮ್ಮ ಉತ್ತರ, ಇತ್ತು, ಅದಕ್ಕೇ ಹೇಳ್ತಿರೋದು. 12ನೇ ಶತಮಾನದ ಕಲ್ಯಾಣದಲ್ಲಿ ಅಂಬಿಗರು, ಮಡಿವಾಳರು, ಚಮ್ಮಾರರು, ಹೆಂಗಸರು ಒಟ್ಟಿಗೆ ಕೂತು ಮಾತಾಡಿದ ಅನುಭವ ಮಂಟಪದ ನೆನಪು ನಮಗಿದೆ. ಪುರೋಹಿತರಿಲ್ಲದೆ ಮದುವೆಯಾಗುವ ಕುವೆಂಪು ಅವರ ಮಂತ್ರ ಮಾಂಗಲ್ಯ ನಮಗೆ ಗೊತ್ತು, 1966ರಲ್ಲಿ ಅವರ ಮಗ ತೇಜಸ್ವಿ ಅವರ ಮದುವೆಯೂ ಹಾಗೇ ಆಯ್ತು. ಕ್ವೇಕರ್ ಮದುವೆಯಲ್ಲೂ ಪಾದ್ರಿ ಇಲ್ಲ. ಗಂಡು ಹೆಣ್ಣು ಎದ್ದು ನಿಂತು ಮಾತು ಕೊಡ್ತಾರೆ, ಬಂದವರೆಲ್ಲ ಸಾಕ್ಷಿ ಅಂತ ಸಹಿ ಹಾಕ್ತಾರೆ. ಅಂದರೆ ಇದು ನಮಗೆ ಪರಕೀಯ ಅಲ್ಲ. ವೇದಿಕೆಯ ಮೇಲೆ ಅನುಭವ ಮಂಟಪದ ಬಗ್ಗೆ ಭಾಷಣ ಮಾಡಿಸ್ತೀವಿ, ಭಾಷಣಕಾರರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಡ್ತೀವಿ. ಹಿಂದಿನ ಸಾಲಿನ ಹುಡುಗ ಮಾತ್ರ ಮಾತಾಡದೇ ಮನೆಗೆ ಹೋಗ್ತಾನೆ.

ಹಾಗಾಗಿ ಈ ವರ್ಷದ ವಾರ್ಷಿಕ ಸಭೆಯ ಮುಂದೆ ನಾವು ಮೂರು ಸಲಹೆ ಇಡ್ತಿದ್ದೀವಿ.

ಒಂದು, ಸಭೆ ಐದು ನಿಮಿಷದ ಮೌನದಿಂದ ಶುರುವಾಗಲಿ. ಫೋನುಗಳು ಚೀಲದಲ್ಲಿರಲಿ. ದೇವರನ್ನ ನೆನೆಯುವವರು ನೆನೆಯಲಿ, ಅಮ್ಮನನ್ನ ನೆನೆಯುವವರು ಅಮ್ಮನನ್ನ ನೆನೆಯಲಿ.

ಎರಡು, ಎಲ್ಲರಿಗೂ ತಟ್ಟುವ ವಿಷಯಗಳಲ್ಲಿ ಕೈ ಎತ್ತಿಸುವುದು ಬೇಡ. ಮಾತಾಡಿದವರಿಗೆ ಎರಡನೇ ಸರದಿ ಬರೋದು ಮಾತಾಡದವರನ್ನ ಕೇಳಿದ ಮೇಲೆ. ನಡಾವಳಿಯನ್ನ ಅಲ್ಲೇ ಬರೆದು ಅಲ್ಲೇ ಓದೋಣ. ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೆ ಒಂದು ತಿಂಗಳು ಮುಂದೆ ಹಾಕೋಣ. ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಪದಾಧಿಕಾರಿಗಳ ಚುನಾವಣೆಗೆ ಮತ ಬೇಕೇ ಬೇಕು, ಅದು ಇರಲಿ. ಉಳಿದದ್ದಕ್ಕೆ ಪ್ರಯತ್ನಿಸೋಣ.

ಮೂರು, ತುರ್ತು ನಿಧಿ. ಇದಕ್ಕೆ ಮಾತ್ರ ಕಾಯುವುದು ಬೇಡ. ಚಿಕ್ಕದೇ ಆಗಲಿ, ಎರಡು ವಾರದ ದಿನಸಿಗೆ ಆಗುವಷ್ಟಿರಲಿ. ಇಬ್ಬರ ಕೈಯಲ್ಲಿರಲಿ, ಯಾರಿಗೆ ಕೊಟ್ಟೆವು ಅನ್ನೋದು ಆ ಇಬ್ಬರಲ್ಲೇ ಉಳಿಯಲಿ. ಸಭೆಗೆ ಮೊತ್ತದ ಲೆಕ್ಕ ಸಾಕು. ಕೇಳುವವರು ಯಾರ ಮುಂದೆಯೂ ಕೈ ಎತ್ತಬೇಕಾಗಿಲ್ಲ.

ಇದರಿಂದ ಎಲ್ಲ ಸರಿಹೋಗುತ್ತೆ ಅಂತ ನಾವು ಹೇಳ್ತಿಲ್ಲ. ಮೊದಮೊದಲು ಆ ಐದು ನಿಮಿಷದಲ್ಲಿ ಯಾರಾದರೂ ಕಿಸಕ್ ಅಂತ ನಗ್ತಾರೆ, ಬಹುಶಃ ನಾವೇ. ಎರಡನೇ ಸಲಹೆಯಿಂದ ಸಭೆ ಉದ್ದ ಆಗುತ್ತೆ, ಬಿರಿಯಾನಿ ಆರುತ್ತೆ. ಆದರೂ ಗೆದ್ದವರು ಸೋತವರು ಅಂತಾಗಿ ಅರ್ಧ ಜನರನ್ನ ಕಳೆದುಕೊಳ್ಳೋದಕ್ಕಿಂತ ಅದು ಮೇಲು.

ಈ ಲೇಖನ ಬರೆದ ಮೇಲೆ ಆ ಹುಡುಗನಿಗೆ ಕಳಿಸಿ, ಕೈಪಿಡಿಯಲ್ಲಿ ಹಾಕಬಹುದಾ ಅಂತ ಕೇಳಿದ್ವಿ. ಮೂರು ದಿನ ಉತ್ತರ ಬರಲಿಲ್ಲ. ಈ ಸಲ ನಾವು ಅದನ್ನ ಸಮ್ಮತಿ ಅಂತ ಅಂದುಕೊಳ್ಳಲಿಲ್ಲ, ಕಾದ್ವಿ. ನಾಲ್ಕನೇ ದಿನ ಬರೆದ: "ಹಾಕಿ. ಹೆಸರು ಬೇಡ. ನಿಧಿ ಶುರು ಮಾಡಿದರೆ ಹೇಳಿ, ಈಗ ಕೆಲಸ ಸಿಕ್ಕಿದೆ, ನನ್ನದೂ ಸ್ವಲ್ಪ ಇರಲಿ."

ವಾರ್ಷಿಕ ಸಭೆಗೆ ಎಲ್ಲರೂ ಬನ್ನಿ. ಕಳೆದ ಸಲ ಮುನಿಸಿಕೊಂಡು ಹೋದವರು ಖಂಡಿತ ಬನ್ನಿ. ಈ ಸಲ ಕುರ್ಚಿಗಳನ್ನ ಸುತ್ತ ಹಾಕಿರ್ತೀವಿ, ಹಿಂದಿನ ಸಾಲು ಇರಲ್ಲ.